ಒಂದೇ ಸಲ ಹಾರಿದ ಮರದ ವಿಮಾನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಎಂಟು ಇಂಜಿನ್ನಿನ ಒಂದು ದೈತ್ಯ ವಿಮಾನ ನೀರಿನ ಮೇಲೆ ನಿಂತಿರೋ ಹಳೇ ಕಪ್ಪುಬಿಳುಪು ಫೋಟೋ ಹಾಕಿ, ಇದು ಎಷ್ಟು ಸಲ ಹಾರಿದೆ ಹೇಳಿ ನೋಡೋಣ ಅಂತ ಕೇಳಿದ್ವಿ. ಉತ್ತರ: ಒಂದೇ ಸಲ, ಅದೂ ಅರ್ಧ ನಿಮಿಷ ಕೂಡ ಇಲ್ಲ. ವಿಮಾನದ ಹೆಸರು ಎಚ್-4 ಹರ್ಕ್ಯುಲಿಸ್, ಜನ ಕರೆಯೋದು ಸ್ಪ್ರೂಸ್ ಗೂಸ್ ಅಂತ, ಅಮೆರಿಕದ ಹೋವರ್ಡ್ ಹ್ಯೂಸ್ ಕಟ್ಟಿಸಿದ್ದು. ಇಷ್ಟು ಹೇಳಿ ಮುಗಿಸೋಣ ಅಂದ್ಕೊಂಡಿದ್ದೆ, ಆದ್ರೆ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆನೇ ಇವೆ, ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದೀನಿ. ಬೇರೆ ಪ್ರಶ್ನೆ ಕಳ್ಸಿದೋರು ಬೇಜಾರು ಮಾಡ್ಕೋಬೇಡಿ, ನಿಮ್ಮ ಸರದಿ ಮುಂದಿನ ಸಲ.

ಪ್ರಶ್ನೆ: ಸರ್, ಅಷ್ಟು ದೊಡ್ಡ ವಿಮಾನನ ಮರದಲ್ಲಿ ಯಾಕೆ ಮಾಡಿದ್ರು? ಅಮೆರಿಕದವರಿಗೆ ಅಲ್ಯೂಮಿನಿಯಂ ಗೊತ್ತಿರಲಿಲ್ವಾ?

ಉತ್ತರ: ಗೊತ್ತಿತ್ತು, ಗೊತ್ತಿದ್ದಿದ್ದಕ್ಕೇ ಕೊಡಲಿಲ್ಲ! ಕಥೆ ಶುರುವಾಗೋದು 1942ರಲ್ಲಿ. ಅಟ್ಲಾಂಟಿಕ್ ಸಮುದ್ರದಲ್ಲಿ ಜರ್ಮನಿಯ ಸಬ್‌ಮೆರೀನ್‌ಗಳು ಅಮೆರಿಕದಿಂದ ಬ್ರಿಟನ್ನಿಗೆ ಹೋಗೋ ಹಡಗುಗಳನ್ನ ಒಂದಾದ ಮೇಲೊಂದು ಮುಳುಗಿಸ್ತಾ ಇದ್ವು. ಆಗ ಹೆನ್ರಿ ಕೈಸರ್ ಅಂತ ಒಬ್ಬ ಹಡಗು ಕಟ್ಟೋ ಉದ್ಯಮಿ ಇದ್ದ, ಲಿಬರ್ಟಿ ಅನ್ನೋ ಯುದ್ಧಕಾಲದ ಸರಕು ಹಡಗುಗಳನ್ನ ಇಡ್ಲಿ ಬೇಯಿಸಿದಷ್ಟು ಸಲೀಸಾಗಿ ಕಟ್ಟಿ ಬಿಸಾಕ್ತಿದ್ದ ಆಸಾಮಿ, ಇವನ ರಿಚ್‌ಮಂಡ್ ಯಾರ್ಡಲ್ಲಿ ಒಂದು ಹಡಗನ್ನ ಐದು ದಿನ ತುಂಬೋದ್ರೊಳಗೆ ಕಟ್ಟಿ ನೀರಿಗಿಳಿಸಿದ್ದೂ ಅದೇ ವರ್ಷ. ಇಷ್ಟೆಲ್ಲಾ ಕಟ್ಟಿದ್ರೂ ಮುಳುಗ್ತಾನೇ ಇದಾವಲ್ಲ ಅಂತ ಅವನಿಗೆ ತಲೆಬಿಸಿ. ಸಬ್‌ಮೆರೀನ್ ನೀರಲ್ಲಿರೋದನ್ನ ಹೊಡೀಬಹುದು, ಆಕಾಶದಲ್ಲಿ ಹೋಗೋದನ್ನ ಹೊಡೆಯೋಕಾಗಲ್ಲ, ಹಾಗಾದ್ರೆ ಹಡಗಿಗೇ ರೆಕ್ಕೆ ಕಟ್ಟೋಣ, ಅದೂ ಒಂದೆರಡಲ್ಲ, 5,000 ಹಾರುವ ದೋಣಿ, ಅಂದ್ರೆ ನೀರಿಂದಲೇ ಎದ್ದು ನೀರಿಗೇ ಇಳಿಯೋ ವಿಮಾನ, ಮಾಡೋಣ ಅಂದ. ಮಿಲಿಟರಿಯವರು ಮುಖ ಮುಖ ನೋಡ್ಕೊಂಡ್ರು.

ಕೈಸರ್‌ಗೆ ವಿಮಾನ ಮಾಡಿ ಗೊತ್ತಿಲ್ಲ, ಹಾಗಾಗಿ ಹೋವರ್ಡ್ ಹ್ಯೂಸ್ ಅನ್ನೋ ಸಿರಿವಂತನ ಜೊತೆ ಸೇರ್ಕೊಂಡ. ಹ್ಯೂಸ್ ಅಂದ್ರೆ ಅಪ್ಪ ಮಾಡಿಟ್ಟ ಎಣ್ಣೆಬಾವಿ ಡ್ರಿಲ್ಲಿನ ದುಡ್ಡು, ಜೊತೆಗೆ ಸಿನಿಮಾ ತೆಗೆಯೋ ಹುಚ್ಚು, ಅದಕ್ಕಿಂತ ಜಾಸ್ತಿ ವಿಮಾನದ ಹುಚ್ಚು. 1938ರಲ್ಲೇ ನಾಲ್ಕು ದಿನದೊಳಗೆ ಭೂಮಿ ಸುತ್ತಿ ಬಂದು ದಾಖಲೆ ಮಾಡಿದ್ದವನು. ಸರ್ಕಾರ ಕೊನೆಗೆ ಒಪ್ತು, ಆದ್ರೆ 5,000ಕ್ಕಲ್ಲ, ಮೂರಕ್ಕೆ. 1 ಕೋಟಿ 80 ಲಕ್ಷ ಡಾಲರ್, ಎರಡು ವರ್ಷ ಟೈಮು. ಜೊತೆಗೆ ಷರತ್ತು: ಯುದ್ಧಕ್ಕೆ ಬೇಕಾದ ಲೋಹ ಮುಟ್ಟಂಗಿಲ್ಲ, ಬೇರೆ ವಿಮಾನ ಕಂಪನಿಗಳಿಂದ ಇಂಜಿನಿಯರ್‌ಗಳನ್ನ ಎಳ್ಕೊಂಡು ಬರಂಗಿಲ್ಲ. ಇದ್ದ ಅಲ್ಯೂಮಿನಿಯಂ ಎಲ್ಲ ಬಾಂಬರ್‌ಗೆ ಫೈಟರ್‌ಗೆ ಬೇಕಿತ್ತಲ್ಲ. ಉಳಿದಿದ್ದು ಮರ.

ಮರ ಅಂದ ತಕ್ಷಣ ನಗಬೇಡಿ. ಬ್ರಿಟನ್ನಿನ ಮಾಸ್ಕಿಟೋ ವಿಮಾನನೂ ಮರದ್ದೇ, ಅದು ಆ ಯುದ್ಧದ ಅತಿ ವೇಗದ ವಿಮಾನಗಳಲ್ಲಿ ಒಂದು. ಹ್ಯೂಸ್ ಬಳಸಿದ್ದು ಡ್ಯುರಾಮೋಲ್ಡ್ ಅನ್ನೋ ವಿಧಾನ, ಮರನ ಕಾಗದದ ಥರ ತೆಳ್ಳಗೆ ಸೀಳಿ, ಒಂದು ಪದರದ ಎಳೆ ಉದ್ದಕ್ಕೆ ಬಂದ್ರೆ ಮೇಲಿನದ್ದು ಅಡ್ಡಕ್ಕೆ ಬರೋ ಹಾಗೆ ಜೋಡ್ಸಿ, ಮಧ್ಯೆ ರೆಸಿನ್ ಅಂಟು ಹಾಕಿ, ಬಿಸಿ ಕೊಟ್ಟು ಒತ್ತಿ ಬೇಕಾದ ಆಕಾರಕ್ಕೆ ಬಗ್ಗಿಸೋದು. ಅಂಟು ಒಣಗೋವರೆಗೆ ಸಣ್ಣ ಸಣ್ಣ ಮೊಳೆ ಹೊಡೆದು ಹಿಡಿದಿಟ್ಟು ಆಮೇಲೆ ಆ ಟನ್‌ಗಟ್ಟಲೆ ಮೊಳೆನೆಲ್ಲ ಒಂದೊಂದಾಗಿ ಕಿತ್ತು ತೆಗೀಬೇಕು, ಇಲ್ಲಾಂದ್ರೆ ಅದೇ ದಂಡದ ಭಾರ. ಈ ಕೆಲಸ ಮಾಡಿದೋರಿಗೆ ಎಷ್ಟು ತಾಳ್ಮೆ ಇದ್ದಿರಬೇಕು ಯೋಚ್ನೆ ಮಾಡಿ.

ಪ್ರಶ್ನೆ: ಸ್ಪ್ರೂಸ್ ಗೂಸ್ ಅಂತ ಹೆಸರು ಯಾಕೆ ಬಂತು?

ಉತ್ತರ: ಪತ್ರಿಕೆಯವರು ಇಟ್ಟಿದ್ದು, ಸ್ಪ್ರೂಸ್ ಅಂದ್ರೆ ಪೈನ್ ಜಾತಿಯ ಒಂದು ಮರ, ಗೂಸ್ ಅಂದ್ರೆ ಹೆಬ್ಬಾತು. ಪ್ರಾಸ ಚೆನ್ನಾಗಿ ಕೂತ್ಕೊಳ್ತು, ಸತ್ಯ ಕೂತ್ಕೊಳ್ಳಲಿಲ್ಲ, ಯಾಕಂದ್ರೆ ವಿಮಾನದಲ್ಲಿರೋದು ಹೆಚ್ಚಿನ ಪಾಲು ಬರ್ಚ್ ಮರ. ಹ್ಯೂಸ್‌ಗೆ ಆ ಹೆಸರು ಕೇಳಿದ್ರೆ ಮೈಯೆಲ್ಲ ಉರೀತಿತ್ತಂತೆ. ಕಾಗದದ ಮೇಲಿನ ಹೆಸರು ಮೊದಲು ಎಚ್‌ಕೆ-1, ಹ್ಯೂಸ್ ಮತ್ತು ಕೈಸರ್ ಇಬ್ಬರ ಮೊದಲ ಅಕ್ಷರ ಸೇರಿಸಿ. 1944ರಲ್ಲಿ ಕೈಸರ್ ಇದರ ಸಹವಾಸ ಸಾಕು ಅಂತ ಕೈತೊಳ್ಕೊಂಡ ಮೇಲೆ ಕೆ ಹೋಯ್ತು, ಎಚ್-4 ಹರ್ಕ್ಯುಲಿಸ್ ಅಂತ ಆಯ್ತು. ಹೆಬ್ಬಾತು ಮಾತ್ರ ಇವತ್ತಿಗೂ ಹೋಗಿಲ್ಲ.

ಪ್ರಶ್ನೆ: ಈಗಿನ ವಿಮಾನಗಳಿಗೆ ಹೋಲಿಸಿದ್ರೆ ನಿಜವಾಗ್ಲೂ ಎಷ್ಟು ದೊಡ್ಡದು? ಫೋಟೋ ನೋಡಿ ಅಂದಾಜಾಗಲ್ಲ.

ಉತ್ತರ: ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 97.5 ಮೀಟರ್. ಎರಡಂತಸ್ತಿನ ಏರ್‌ಬಸ್ ಎ380 ಇದ್ಯಲ್ಲ, ಅದರದ್ದು 80 ಮೀಟರ್ ಕೂಡ ತುಂಬಲ್ಲ. ಬಾಲದ ಎತ್ತರ ಇಬ್ಬರದ್ದೂ ಸುಮಾರು ಒಂದೇ, 24 ಮೀಟರ್. ರೆಕ್ಕೆ ಎಷ್ಟು ದಪ್ಪ ಅಂದ್ರೆ ಒಳಗಡೆ ಓಡಾಡೋ ದಾರಿ ಇದೆ, ಹಾರ್ತಾ ಇರೋವಾಗ್ಲೇ ಮೆಕ್ಯಾನಿಕ್ ರೆಕ್ಕೆಯೊಳಗೆ ಹೋಗಿ ಇಂಜಿನ್ ಹಿಂದೆ ನಿಂತು ನೋಡಬಹುದು ಅನ್ನೋದು ಲೆಕ್ಕಾಚಾರ. 750 ಸೈನಿಕರು ಇಲ್ಲಾ ಶೆರ್ಮನ್ ಅನ್ನೋ ಯುದ್ಧದ ಟ್ಯಾಂಕು ಒಯ್ಯಬೇಕು ಅಂತ ಪ್ಲ್ಯಾನು. ತೂಕದಲ್ಲಿ ಮಾತ್ರ ಎ380 ಎಲ್ಲೋ ಮುಂದಿದೆ, ಇದು ಪೂರ್ತಿ ತುಂಬಿದ್ರೆ 180 ಟನ್, ಅದು 500 ದಾಟುತ್ತೆ. ಜೆಟ್ ಇಂಜಿನ್ನಿನ ಮಹಿಮೆ.

ಆದ್ರೆ ನನ್ನ ಕೇಳಿದ್ರೆ ಸೈಜಿಗಿಂತ ಮುಖ್ಯವಾದ್ದು ಕಣ್ಣಿಗೆ ಕಾಣಲ್ಲ. ಅಷ್ಟು ದೊಡ್ಡ ಬಾಲದ ಪಟ್ಟಿಗಳನ್ನ ಪೈಲಟ್ ತನ್ನ ತೋಳ್ಬಲದಲ್ಲಿ ತಿರುಗಿಸೋಕೆ ಸಾಧ್ಯನೇ ಇಲ್ಲ, ಹಾಗಾಗಿ ಹೈಡ್ರಾಲಿಕ್‌ನಿಂದ, ಅಂದ್ರೆ ಕೊಳವೆಯಲ್ಲಿ ಒತ್ತಡದಲ್ಲಿರೋ ಎಣ್ಣೆಯ ಬಲದಿಂದ, ತಿರುಗಿಸೋ ವ್ಯವಸ್ಥೆ ಮಾಡಿದ್ರು, ಹಾಗೆ ಮಾಡಿದಾಗ ಕೈಗೆ ಏನೂ ಭಾರ ಗೊತ್ತಾಗದೆ ಪೈಲಟ್ ಜಾಸ್ತಿ ಎಳೆದ್ಬಿಟ್ರೆ ಕಷ್ಟ ಅಂತ ಕೈಗೆ ಸುಳ್ಳೇ ಭಾರ ಕೊಡೋ ಸಾಧನನೂ ಇಟ್ರು. ಇವತ್ತಿನ ದೊಡ್ಡ ವಿಮಾನಗಳೆಲ್ಲ ನಡೆಯೋದು ಇದೇ ದಾರಿಯಲ್ಲಿ.

ಪ್ರಶ್ನೆ: ಯುದ್ಧ ಮುಗಿದ ಮೇಲೂ ಯಾಕೆ ಕಟ್ತಾ ಇದ್ರು? ಇದು ಜನರ ದುಡ್ಡು ನುಂಗೋ ಹಗರಣ ಅಲ್ವಾ? ಕೋರ್ಟು ಕೇಸು ಆಗಿತ್ತು ಅಂತ ಎಲ್ಲೋ ಓದಿದ ನೆನಪು.

ಉತ್ತರ: ಕೋರ್ಟಲ್ಲ, ಸೆನೆಟ್ ವಿಚಾರಣೆ, ಅಂದ್ರೆ ಅಮೆರಿಕದ ಸಂಸತ್ತಿನ ಮೇಲ್ಮನೆಯದ್ದು. ಸ್ವಲ್ಪ ಉದ್ದದ ಕಥೆ, ಕೂತ್ಕೊಳ್ಳಿ.

ಎರಡು ವರ್ಷದಲ್ಲಿ ಮೂರು ವಿಮಾನ ಅಂದಿದ್ರಲ್ಲ, ಎರಡು ವರ್ಷ ಮುಗೀತಾ ಬಂದಾಗ ಒಂದೂ ಆಗಿರಲಿಲ್ಲ. ಹ್ಯೂಸ್ ಸ್ವಭಾವನೇ ಹಾಗೆ, ಪ್ರತಿ ಸಣ್ಣ ವಿಷಯಕ್ಕೂ ತಾನೇ ಹೂಂ ಅನ್ನಬೇಕು, ಆದ್ರೆ ಹೂಂ ಅನ್ನೋಕೆ ವಾರಗಟ್ಟಲೆ ಸಿಗ್ತಿರಲಿಲ್ಲ. ಅಷ್ಟರಲ್ಲಿ ಸಮುದ್ರದಲ್ಲಿ ಆಟನೇ ಬದಲಾಗಿ ಹೋಗಿತ್ತು. 1943ರ ಮೇ ತಿಂಗಳು ಒಂದರಲ್ಲೇ ಜರ್ಮನಿ 41 ಸಬ್‌ಮೆರೀನ್ ಕಳ್ಕೊಂಡಿತ್ತು, ಹಡಗುಗಳು ಸುಮಾರಾಗಿ ಆರಾಮಾಗಿ ಓಡಾಡ್ತಿದ್ವು. ಅಂದ್ರೆ ಯಾವ ರೋಗಕ್ಕೆ ಔಷಧಿ ಅರೀತಿದ್ರೋ ಆ ರೋಗ ಬೇರೆ ಔಷಧಿಗೆ ವಾಸಿಯಾಗಿತ್ತು, ಇವರು ಮಾತ್ರ ಅರೀತಾನೇ ಇದ್ರು. 1944ರಲ್ಲಿ ಸರ್ಕಾರ ಕಾಂಟ್ರಾಕ್ಟ್ ರದ್ದು ಮಾಡ್ತು, ಹ್ಯೂಸ್ ವಾಷಿಂಗ್ಟನ್ನಿಗೆ ಓಡಿದ, ಹೋಗ್ಲಿ ಒಂದಾದ್ರೂ ಮುಗಿಸು ಅಂತ ಮತ್ತೆ ಕೊಟ್ರು. 1945ರಲ್ಲಿ ಯುದ್ಧ ಮುಗೀತು. 1946ರ ಜೂನ್‌ನಲ್ಲಿ ಕಲ್ವರ್ ಸಿಟಿಯ ಕಾರ್ಖಾನೆಯಿಂದ ಲಾಂಗ್ ಬೀಚ್ ಬಂದರಿಗೆ, ಸುಮಾರು 45 ಕಿಲೋಮೀಟರ್, ವಿಮಾನನ ಭಾಗ ಭಾಗ ಮಾಡಿ ರಸ್ತೆ ಮೇಲೆ ಮೆರವಣಿಗೆ ಥರ ತಗೊಂಡ್ಹೋದ್ರು, ದಾರಿಗೆ ಅಡ್ಡ ಇದ್ದ ಕರೆಂಟ್ ತಂತಿ ಎಲ್ಲ ಎತ್ತಿ ಹಿಡಿದು.

ಇದು ಸಾಲದು ಅಂತ ಇನ್ನೊಂದು ಎಡವಟ್ಟು. ಹ್ಯೂಸ್ ಕಂಪನಿಗೆ ಎಕ್ಸ್‌ಎಫ್-11 ಅನ್ನೋ ಬೇಹುಗಾರಿಕೆ ವಿಮಾನ 100 ಮಾಡೋ ಆರ್ಡರ್ ಕೂಡ ಸಿಕ್ಕಿತ್ತು, ಅದಕ್ಕೆ ಶಿಫಾರಸು ಮಾಡಿದ್ದು ಅಧ್ಯಕ್ಷ ರೂಸ್‌ವೆಲ್ಟ್ ಮಗ ಎಲಿಯಟ್. ಆ ವಿಮಾನನೂ ಯುದ್ಧದ ಟೈಮಿಗೆ ಬರಲಿಲ್ಲ, ಆರ್ಡರ್ ಎರಡು ಮಾದರಿಗೆ ಇಳೀತು. 1946ರ ಜುಲೈ 7ಕ್ಕೆ ಹ್ಯೂಸ್ ತಾನೇ ಅದನ್ನ ಮೊದಲ ಸಲ ಹಾರಿಸ್ದಾಗ ಬಲಗಡೆ ಇಂಜಿನ್ನಿನ ಹಿಂದಿನ ಪ್ರೊಪೆಲರ್ ಉಲ್ಟಾ ಎಳೆಯೋಕೆ ಶುರು ಮಾಡಿ ಬೆವರ್ಲಿ ಹಿಲ್ಸ್‌ನ ಮನೆಗಳ ಮೇಲೆ ಬಿತ್ತು, ಮನುಷ್ಯ ಬದುಕಿದ್ದೇ ಹೆಚ್ಚು.

ಈಗ 1947ಕ್ಕೆ ಬನ್ನಿ. ಎರಡೂ ಪ್ರಾಜೆಕ್ಟಿಗೆ ಸೇರಿ ಸರ್ಕಾರದ 4 ಕೋಟಿ ಡಾಲರ್ ಹೋಗಿದೆ, ಯುದ್ಧಕ್ಕೆ ಒಂದು ವಿಮಾನನೂ ಬಂದಿಲ್ಲ. ಯುದ್ಧದ ಖರ್ಚು ತನಿಖೆ ಮಾಡೋ ಸೆನೆಟ್ ಸಮಿತಿ ಇತ್ತು, ಆಮೇಲೆ ಅಮೆರಿಕದ ಅಧ್ಯಕ್ಷನಾದ ಟ್ರೂಮನ್ ಹಿಂದೆ ಹೆಸರು ಮಾಡಿದ್ದು ಇದೇ ಸಮಿತಿ ನಡೆಸಿ. ಈಗ ಸಮಿತಿಯ ಅಧ್ಯಕ್ಷ ಮೇಯ್ನ್ ರಾಜ್ಯದ ಸೆನೆಟರ್ ಓವನ್ ಬ್ರೂಸ್ಟರ್. ಹ್ಯೂಸ್ ಕಡೆಯ ಜಾನಿ ಮೇಯರ್ ಅನ್ನೋ ಪ್ರಚಾರದವನು ಅಧಿಕಾರಿಗಳಿಗೆ ಕೊಡ್ಸಿದ ಪಾರ್ಟಿ, ಊಟ, ಉಡುಗೊರೆ ಎಲ್ಲದರ ಬಿಲ್ಲು ಹೊರಗೆ ಬಂತು, ಪತ್ರಿಕೆಗಳಿಗೆ ಹಬ್ಬವೋ ಹಬ್ಬ. ನೀವು ಕೇಳಿದ ಹಗರಣ ಅನ್ನೋ ಮಾತಿಗೆ ಇಲ್ಲಿ ಹುರುಳಿದೆ, ನಾನು ಇಲ್ಲ ಅನ್ನಲ್ಲ.

ಆದ್ರೆ ಆಗಸ್ಟ್‌ನಲ್ಲಿ ಹ್ಯೂಸ್ ಸಾಕ್ಷಿ ಕಟ್ಟೆಗೆ ಬಂದವನೇ ಬಾಣನ ತಿರುಗಿಸ್ಬಿಟ್ಟ. ಟಿಡಬ್ಲ್ಯುಎ ಅನ್ನೋ ಏರ್‌ಲೈನ್ ಇವನ ಕೈಯಲ್ಲಿತ್ತು, ಅದು 1946ರಲ್ಲಿ ಅಟ್ಲಾಂಟಿಕ್ ದಾಟೋ ಸರ್ವಿಸ್ ಶುರು ಮಾಡಿ ಪ್ಯಾನ್ ಆಮ್ ಅನ್ನೋ ಎದುರಾಳಿ ಏರ್‌ಲೈನ್ ಕಂಪನಿಯ ಅನ್ನಕ್ಕೆ ಕೈ ಹಾಕಿತ್ತು. ಬ್ರೂಸ್ಟರ್ ಏನ್ ಮಾಡ್ತಿದ್ದ ಅಂದ್ರೆ, ಅಮೆರಿಕದಿಂದ ಹೊರದೇಶಕ್ಕೆ ಒಂದೇ ಏರ್‌ಲೈನ್ ಸಾಕು ಅನ್ನೋ ಮಸೂದೆ ಹಿಡ್ಕೊಂಡು ಓಡಾಡ್ತಿದ್ದ, ಆ ಒಂದು ಯಾವುದಾಗುತ್ತೆ ಅಂತ ಯಾರಿಗೂ ಅನುಮಾನ ಇರಲಿಲ್ಲ, ಪ್ಯಾನ್ ಆಮ್. ವಾಷಿಂಗ್ಟನ್ನಿನ ಮೇಫ್ಲವರ್ ಹೋಟೆಲಲ್ಲಿ ಊಟ ಮಾಡ್ತಾ, ಟಿಡಬ್ಲ್ಯುಎನ ಪ್ಯಾನ್ ಆಮ್ ಜೊತೆ ಸೇರ್ಸಿದ್ರೆ ಈ ವಿಚಾರಣೆನೇ ಇರಲ್ಲ ಅಂತ ಬ್ರೂಸ್ಟರ್ ನನಗೆ ಹೇಳಿದ್ದ ಅಂತ ಹ್ಯೂಸ್ ತುಂಬಿದ ಸಭೆಯಲ್ಲಿ ಪ್ರಮಾಣ ಮಾಡಿ ಹೇಳಿದ. ಬ್ರೂಸ್ಟರ್ ಸುಳ್ಳು ಅಂದ, ಆದ್ರೆ ತನ್ನದೇ ಸಮಿತಿ ಮುಂದೆ ತಾನೇ ಪ್ರಮಾಣ ಮಾಡಿ ಸಾಕ್ಷಿ ಹೇಳೋ ಗತಿ ಬಂತು, ವಿಚಾರಣೆ ನಡೆಸೋ ಕುರ್ಚಿ ಹೋಮರ್ ಫರ್ಗ್ಯೂಸನ್ ಅನ್ನೋ ಇನ್ನೊಬ್ಬ ಸೆನೆಟರ್‌ಗೆ ಹೋಯ್ತು. ಈ ವಿಮಾನ ಹಾರದೇ ಹೋದ್ರೆ ದೇಶ ಬಿಟ್ಟು ಹೋಗ್ತೀನಿ, ವಾಪಸ್ ಬರಲ್ಲ ಅನ್ನೋ ಅರ್ಥದಲ್ಲಿ ಹ್ಯೂಸ್ ಹೇಳಿದ್ದೂ ಇಲ್ಲೇ. ಸಮಿತಿ ವಿಚಾರಣೆನ ಮುಂದಕ್ಕೆ ಹಾಕ್ತು, ನವೆಂಬರ್‌ವರೆಗೆ.

ಹಾಗಾಗಿ ಯಾಕೆ ಕಟ್ತಾ ಇದ್ರು ಅನ್ನೋದಕ್ಕೆ ನನ್ನ ಉತ್ತರ ಇದು: 1944ರವರೆಗೆ ಅದು ಯುದ್ಧದ ವಿಮಾನ, ಆಮೇಲೆ ಮಾನದ ವಿಮಾನ. ಜಗಳ ಹೊರಗಡೆಗೆ ಮರದ ವಿಮಾನದ್ದು, ಒಳಗಡೆಗೆ ಅಟ್ಲಾಂಟಿಕ್ ಮೇಲಿನ ಟಿಕೆಟ್ ಯಾರು ಮಾರಬೇಕು ಅನ್ನೋದ್ರದ್ದು.

ಪ್ರಶ್ನೆ: ಹಾರಿದ ದಿನ ಏನಾಯ್ತು ವಿವರವಾಗಿ ಬರೀರಿ ಸರ್. ನಮ್ಮನೇಲಿ ಇದರ ಮೇಲೆ ಬೆಟ್ ಕಟ್ಟಿದೀವಿ, ನಮ್ ಭಾವ ಅದು ಬೇಕಂತ ಹಾರಿಸಿದ್ದಲ್ಲ, ಗಾಳಿಗೆ ಎದ್ದಿದ್ದು ಅಂತಾರೆ.

ಉತ್ತರ: ಬೆಟ್ಟಿನ ದುಡ್ಡು ಎಷ್ಟು ಅಂತ ಬರೆದಿಲ್ಲ ನೀವು. 1947ರ ನವೆಂಬರ್ 2, ಭಾನುವಾರ. ಹ್ಯೂಸ್ ಊರಿಗೆಲ್ಲ ಹೇಳಿದ್ದು ಏನಂದ್ರೆ ಇವತ್ತು ಬರೀ ನೀರಿನ ಮೇಲೆ ಓಡಿಸಿ ನೋಡ್ತೀವಿ, ಹಾರಿಸಲ್ಲ. ಒಳಗೆ ಅವನ ಜನ, ಪತ್ರಕರ್ತರು ಎಲ್ಲ ಸೇರಿ ಮೂವತ್ತಕ್ಕೂ ಹೆಚ್ಚು ಮಂದಿ. ಪಕ್ಕದ ಸೀಟಲ್ಲಿ ಕೂರ್ಸಿಕೊಂಡಿದ್ದು ಡೇವ್ ಗ್ರ್ಯಾಂಟ್ ಅನ್ನೋವನ್ನ, ಅವನು ಪೈಲಟ್ಟೇ ಅಲ್ಲ, ಹೈಡ್ರಾಲಿಕ್ ಇಂಜಿನಿಯರ್! ಯೋಚ್ನೆ ಮಾಡಿದ್ರೆ ಇದರಲ್ಲೊಂದು ಲಾಜಿಕ್ ಇದೆ, ಆ ವಿಮಾನದಲ್ಲಿ ಎಲ್ಲಕ್ಕಿಂತ ಹೊಸದು, ಕೈಕೊಟ್ರೆ ಪ್ರಾಣ ತೆಗೆಯೋದು ಅಂದ್ರೆ ಆ ಹೈಡ್ರಾಲಿಕ್ಕೇ, ಇನ್ನೊಬ್ಬ ಪೈಲಟ್ ಕೂತು ಏನು ಮಾಡೋದು.

ಎರಡು ಸಲ ಬಂದರಿನ ನೀರಲ್ಲಿ ಓಡಿಸಿದ್ರು. ಅಷ್ಟು ನೋಡಿ ಸುಮಾರು ಪತ್ರಕರ್ತರು ಸುದ್ದಿ ಕಳಿಸ್ಬೇಕು ಅಂತ ಇಳಿದು ಹೋದ್ರು, ಪಾಪ, ಜೀವಮಾನ ಪೂರ್ತಿ ಹಲುಬಿರಬೇಕು. ಜೇಮ್ಸ್ ಮೆಕ್‌ನಮಾರ ಅನ್ನೋ ರೇಡಿಯೋದವನು ಮೈಕ್ ಹಿಡ್ಕೊಂಡು ಉಳ್ಕೊಂಡ. ಮೂರನೇ ಸಲ ಹ್ಯೂಸ್ ಫ್ಲಾಪ್‌ನ, ಅಂದ್ರೆ ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗೋ ಪಟ್ಟಿನ, 15 ಡಿಗ್ರಿ ಇಳಿಸೋಕೆ ಹೇಳಿದ. ನಿಮ್ಮ ಭಾವನವರಿಗೆ ಇಷ್ಟು ಹೇಳಿ, ಫ್ಲಾಪ್ ಇಳಿಸೋದು ಮೇಲೇಳೋಕೆ, ನೀರಲ್ಲಿ ಓಡಾಡೋಕಲ್ಲ. ಎಂಟು ಇಂಜಿನ್ನು, ಒಂದೊಂದೂ 3,000 ಕುದುರೆ ಶಕ್ತಿ, ಇದ್ದಕ್ಕಿದ್ದಂಗೆ ಹೊಟ್ಟೆ ಕೆಳಗಿನ ನೀರಿನ ಸದ್ದು ನಿಂತೋಯ್ತು. ನೀರಿಂದ ಸುಮಾರು 70 ಅಡಿ ಎತ್ತರ, ಗಂಟೆಗೆ 217 ಕಿಲೋಮೀಟರ್ ವೇಗ, 26 ಸೆಕೆಂಡು. ಗುಣಿಸಿ ನೋಡಿ, ಒಂದೂವರೆ ಕಿಲೋಮೀಟರ್ ಚಿಲ್ಲರೆ ಬರುತ್ತೆ, ಎಲ್ಲರೂ ಬರೆಯೋ ಒಂದು ಮೈಲಿ ಇದೇ. ಆಮೇಲೆ ನೀರಿಗೆ ಮೆತ್ತಗೆ ಇಳಿಸಿದ. ಬೇಕಂತಲೇ ಮಾಡಿದ್ರಾ ಅಂತ ಮೆಕ್‌ನಮಾರ ಕೇಳಿದ್ದಕ್ಕೆ, ಜನರನ್ನ ಬೆಚ್ಚಿಬೀಳಿಸೋದು ನನಗೆ ಇಷ್ಟ ಅನ್ನೋ ಅರ್ಥದ ಉತ್ತರ ಕೊಟ್ಟ. ಬೆಟ್ ನಿಮ್ಮದೇ.

ಪ್ರಶ್ನೆ: 70 ಅಡಿ ಹಾರಿದ್ದನ್ನ ಹಾರಾಟ ಅನ್ಬಹುದಾ? ಯುದ್ಧದ ಟ್ಯಾಂಕ್ ಹೇರಿದ್ರೆ ಏಳ್ತಿತ್ತಾ ಅದು?

ಉತ್ತರ: ಅನುಮಾನ ಸರಿಯಾಗಿದೆ. ನೆಲಕ್ಕೋ ನೀರಿಗೋ ತುಂಬ ಹತ್ರ ಹಾರೋವಾಗ, ಸುಮಾರಾಗಿ ರೆಕ್ಕೆಯ ಅಗಲಕ್ಕಿಂತ ಕಮ್ಮಿ ಎತ್ತರದಲ್ಲಿ, ರೆಕ್ಕೆ ತುದಿಯಲ್ಲಿ ಸುಳಿಯೋ ಗಾಳಿಗೆ ಅಡ್ಡಿಯಾಗಿ ಎಳೆತ ಕಮ್ಮಿಯಾಗುತ್ತೆ, ವಿಮಾನ ಸುಲಭವಾಗಿ ತೇಲುತ್ತೆ. ಇದಕ್ಕೆ ಗ್ರೌಂಡ್ ಎಫೆಕ್ಟ್ ಅಂತಾರೆ. ಇದರ ರೆಕ್ಕೆ 320 ಅಡಿ, ಹಾರಿದ್ದು 70 ಅಡಿ, ಅಂದ್ರೆ ಪೂರ್ತಿ ಆ ಮೆತ್ತೆಯ ಮೇಲೇ. ಸಾಮಾನು ಇಲ್ಲ, ಇಂಧನನೂ ಸ್ವಲ್ಪ. ಹಾಗಾಗಿ ಅವತ್ತು ಗೊತ್ತಾಗಿದ್ದು ರೆಕ್ಕೆ ಮುರಿಯಲ್ಲ, ಅಂಟು ಬಿಡಲ್ಲ, ಹೈಡ್ರಾಲಿಕ್ ಮಾತು ಕೇಳುತ್ತೆ ಅನ್ನೋದು ಅಷ್ಟೇ. ಯುದ್ಧದ ಟ್ಯಾಂಕ್ ಹೇರ್ಕೊಂಡು ಅಟ್ಲಾಂಟಿಕ್ ದಾಟುತ್ತೆ ಅನ್ನೋದು ಗೊತ್ತಾಗಲಿಲ್ಲ. ನನ್ನ ಅಂದಾಜು ಕೇಳಿದ್ರೆ ಏದುಸಿರು ಬಿಡ್ತಿತ್ತು. ಇದೇ ಇಂಜಿನ್ ಆರು ಹಾಕಿದ್ದ ಬಿ-36 ಅನ್ನೋ ಲೋಹದ ಬಾಂಬರ್ 1946ರಲ್ಲೇ ಹಾರಿತ್ತು, ತೂಕ ಹೆಚ್ಚು ಕಮ್ಮಿ ಇದೇ ಮಟ್ಟಕ್ಕೆ ಬಂದಾಗ ಅದಕ್ಕೂ ಸಾಲದೆ ಆಮೇಲೆ ನಾಲ್ಕು ಜೆಟ್ ಇಂಜಿನ್ ಬೇರೆ ಸೇರ್ಸಿದ್ರು. ಒಂದೇ ಒಂದು ಸಲ ಎತ್ತರಕ್ಕೆ, ಭಾರ ಹಾಕ್ಕೊಂಡು ಹಾರ್ಸಿದ್ರೆ ಅನುಮಾನ ತೀರ್ತಿತ್ತು. ಹ್ಯೂಸ್ ಹಾರಿಸಲೇ ಇಲ್ಲ.

ಪ್ರಶ್ನೆ: ಸೆನೆಟ್ ಕೊನೆಗೆ ಏನು ಹೇಳ್ತು? ಹ್ಯೂಸ್ ವಂಚಕನಾ ಮೇಧಾವಿನಾ, ಒಂದೇ ಪದದಲ್ಲಿ ಹೇಳಿ.

ಉತ್ತರ: ಒಂದೇ ಪದದಲ್ಲಿ: ಹಠಮಾರಿ. ಸಮಿತಿ ಬರೆದ ವರದಿ ಹ್ಯೂಸ್ ಬಗ್ಗೆ ಖಾರವಾಗೇ ಇತ್ತು, ಆದ್ರೆ ವಿಮಾನ ಎದ್ದಿದ್ದನ್ನ ಜನ ನೋಡಿ ಆಗಿತ್ತಲ್ಲ, ವರದಿ ಯಾರು ಓದ್ತಾರೆ. ಬ್ರೂಸ್ಟರ್‌ಗೆ ಅವನ ಪಕ್ಷದೊಳಗೇ 1952ರಲ್ಲಿ ಟಿಕೆಟ್ ಕೈತಪ್ಪಿತು, ಎದುರು ನಿಂತ ಫ್ರೆಡರಿಕ್ ಪೇನ್‌ಗೆ ಹ್ಯೂಸ್ ದುಡ್ಡು ಸುರಿದಿದ್ದ, ಸೇಡು ಅಂದ್ರೆ ಇದು. ವಂಚಕ ಅನ್ನೋಕೆ ನನಗೆ ಮನಸ್ಸು ಬರಲ್ಲ ಯಾಕಂದ್ರೆ ಈ ವಿಮಾನಕ್ಕೆ ಸರ್ಕಾರದ ದುಡ್ಡು ಮುಗಿದ ಮೇಲೆ ತನ್ನ ಜೇಬಿಂದ ಕೋಟಿಗಟ್ಟಲೆ ಹಾಕಿದಾನೆ, ವಂಚಕರು ಹಾಕಲ್ಲ, ತೆಗೀತಾರೆ. ಹಾಗಂತ ಯುದ್ಧ ನಡೀತಿರೋವಾಗ ಕೊಟ್ಟ ಮಾತಿನ ಟೈಮಿಗೆ ಒಂದೂ ಮಾಡಿ ಕೊಡದಿದ್ದವನನ್ನ ಮೇಧಾವಿ ಅಂತ ಹೊಗಳೋಕೂ ಆಗಲ್ಲ, ಪತ್ರ ಬರೆದ ಕೆಲವರು ಹ್ಯೂಸ್ ಮೇಲೆ ಬಂದ ಸಿನಿಮಾ ನೋಡಿ ಪೂರ್ತಿ ಕರಗಿಹೋಗಿದೀರಿ ಅನ್ಸುತ್ತೆ.

ಪ್ರಶ್ನೆ: ಈಗ ಎಲ್ಲಿದೆ? ನೋಡೋಕೆ ಬಿಡ್ತಾರಾ?

ಉತ್ತರ: ಬಿಡ್ತಾರೆ, ಆದ್ರೆ ಹ್ಯೂಸ್ ಇರೋವರೆಗೆ ಬಿಡ್ತಿರಲಿಲ್ಲ. ಹಾರಿದ ಮೇಲೆ ಅದನ್ನ ಹವೆ ಹದದಲ್ಲಿಟ್ಟ ಹ್ಯಾಂಗರ್‌ನಲ್ಲಿ ಬಚ್ಚಿಟ್ಟು ಸುಮಾರು 300 ಜನರನ್ನ ಬರೀ ಕಾಯೋಕೆ ಸುಸ್ಥಿತಿಯಲ್ಲಿಡೋಕೆ ಇಟ್ಟಿದ್ದ. 1962ರಲ್ಲಿ ಅದು 50ಕ್ಕೆ ಇಳೀತು. 1976ರಲ್ಲಿ ಅವನು ಸಾಯೋವರೆಗೆ, ಅಂದ್ರೆ ಹೆಚ್ಚುಕಡಿಮೆ ಮೂವತ್ತು ವರ್ಷ, ನಾಳೆ ಬೆಳಿಗ್ಗೆ ಹಾರ್ಬೇಕು ಅನ್ನೋ ಹಾಗೆ ಇಟ್ಕೊಂಡಿದ್ರು. ಆ ಕೆಲಸಗಾರರ ಬಗ್ಗೆ ಯಾರಾದ್ರೂ ಬರೀಬೇಕು, ಹಾರದ ವಿಮಾನದ ಇಂಜಿನ್ನಿಗೆ ದಿನಾ ಎಣ್ಣೆ ಬಿಟ್ಟು ಸಂಬಳ ತಗೊಂಡು ರಿಟೈರ್ ಆದವರು.

ಆಮೇಲೆ ತುಂಡು ಮಾಡಿ ಮ್ಯೂಸಿಯಂಗಳಿಗೆ ಹಂಚೋ ಮಾತು ಬಂದಿತ್ತು, ಸದ್ಯ ತಪ್ತು. 1980ರ ದಶಕದಲ್ಲಿ ಲಾಂಗ್ ಬೀಚಲ್ಲಿ ಕ್ವೀನ್ ಮೇರಿ ಹಡಗಿನ ಪಕ್ಕ ದೊಡ್ಡ ಬಿಳೀ ಗುಮ್ಮಟದೊಳಗೆ ಪ್ರದರ್ಶನಕ್ಕಿಟ್ರು. 1992ರಲ್ಲಿ ಮತ್ತೆ ಬಿಚ್ಚಿ, ಬಾರ್ಜ್ ಮೇಲೆ ಪೆಸಿಫಿಕ್ ಕರಾವಳಿಗುಂಟ ಸಾಗ್ಸಿ, ನದಿ ಹತ್ತಿಸಿ ಆರೆಗನ್ ರಾಜ್ಯದ ಮೆಕ್‌ಮಿನ್ವಿಲ್‌ಗೆ ಒಯ್ದರು. ಅಲ್ಲಿನ ಎವರ್‌ಗ್ರೀನ್ ಮ್ಯೂಸಿಯಂನಲ್ಲಿ 2001ರಿಂದ ಇದೆ, ಬೇರೆ ವಿಮಾನಗಳೆಲ್ಲ ಅದರ ರೆಕ್ಕೆ ಕೆಳಗೆ ಕೋಳಿಮರಿ ಥರ ನಿಂತಿವೆ.

ಪ್ರಶ್ನೆ: ರೆಕ್ಕೆ ಅಗಲದ ದಾಖಲೆ ಇನ್ನೂ ಇದರದ್ದೇನಾ?

ಉತ್ತರ: 2019ರ ಏಪ್ರಿಲ್ 13ರವರೆಗೆ ಇತ್ತು. ಅವತ್ತು ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ 117 ಮೀಟರ್ ರೆಕ್ಕೆಯ ಸ್ಟ್ರಾಟೋಲಾಂಚ್ ಮೇಲೆದ್ದಿತು, ಎರಡು ಹೊಟ್ಟೆ, ಆರು ಜೆಟ್ ಇಂಜಿನ್ನು. ಅದನ್ನ ಕಟ್ಟಿಸಿದ್ದೂ ಒಬ್ಬ ಸಿರಿವಂತನೇ, ಮೈಕ್ರೋಸಾಫ್ಟ್‌ನ ಪಾಲ್ ಅಲೆನ್, ಆದ್ರೆ ಅವನು ಆರು ತಿಂಗಳು ಮೊದಲೇ ತೀರ್ಕೊಂಡಿದ್ದ, ಹಾರಿದ್ದನ್ನ ನೋಡಲಿಲ್ಲ. ಮೊದಲನೇ ದಿನವೇ ಅದು ಎರಡೂವರೆ ಗಂಟೆ ಹಾರ್ತು.